ಮೋಟು ವರ್ಣತಂತುವಿನ ದೀರ್ಘ ಕಥೆ

ಹರ್ನಿಯಾ ಆಪರೇಷನ್‌ಗೆ ಮುಂಚೆ ಮಾಡಿಸಿದ ರಕ್ತಪರೀಕ್ಷೆ, ಗಲ್ಫ್ ಕೆಲಸಕ್ಕೆ ಬೇಕಾದ ಮೆಡಿಕಲ್ ಸರ್ಟಿಫಿಕೇಟು, ಇಲ್ಲವೇ ನಾಲ್ಕು ತುತ್ತು ಉಣ್ಣುವಷ್ಟರಲ್ಲಿ ಹೊಟ್ಟೆ ತುಂಬಿಬಿಡುತ್ತದೆ ಎಂಬ ದೂರು. ಕ್ರಾನಿಕ್ ಮೈಲಾಯ್ಡ್ ಲ್ಯುಕೇಮಿಯಾ ಎಂಬ ರಕ್ತಕ್ಯಾನ್ಸರ್, ಡಾಕ್ಟರುಗಳ ಬಾಯಲ್ಲಿ ಸಿಎಂಎಲ್, ಎಷ್ಟೋ ಸಲ ಹೀಗೆ ಬೇರೆ ಯಾವುದೋ ನೆಪದಲ್ಲಿ ಸಿಕ್ಕಿಬೀಳುತ್ತದೆ. ಮೈಕ್ರೊಲೀಟರ್ ರಕ್ತದಲ್ಲಿ 4,000ದಿಂದ 11,000ದವರೆಗೆ ಇರಬೇಕಾದ ಬಿಳಿ ರಕ್ತಕಣಗಳು ಲಕ್ಷ ದಾಟಿರುತ್ತವೆ. ಲ್ಯಾಬಿನವರು ನಂಬದೆ ಇನ್ನೊಮ್ಮೆ ಎಣಿಸುತ್ತಾರೆ. ಎಡ ಪಕ್ಕೆಯ ಕೆಳಗಿನ ಗುಲ್ಮ ಊದಿಕೊಂಡು ಜಠರವನ್ನು ಒತ್ತುತ್ತಿರುತ್ತದೆ. ಹೊಟ್ಟೆ ಬೇಗ ತುಂಬಿದಂತಾಗುವುದಕ್ಕೆ ಕಾರಣ ಅದು.

ಮೂವತ್ತು ವರ್ಷದ ಹಿಂದೆ ಈ ಕಾಯಿಲೆ ಇದೆ ಎಂದು ಗೊತ್ತಾದವರಿಗೆ ವೈದ್ಯರು ಹೇಳಬಹುದಾಗಿದ್ದ ಮಾತು ಚಿಕ್ಕದಿತ್ತು. ನಾಲ್ಕೈದು ವರ್ಷ ಕಾಯಿಲೆ ಸುಮ್ಮನಿರುತ್ತದೆ, ರೋಗಿ ಕೆಲಸಕ್ಕೆ ಹೋಗಿಬರುತ್ತಾನೆ, ಆಮೇಲೊಂದು ದಿನ ಎಳೆಯ ಕಣಗಳು ಮೂಳೆಮಜ್ಜೆಯಿಂದ ದಂಡೆತ್ತಿ ಬಂದಂತೆ ರಕ್ತಕ್ಕೆ ನುಗ್ಗುತ್ತವೆ. 'ಬ್ಲಾಸ್ಟ್ ಕ್ರೈಸಿಸ್' ಎನ್ನುವ ಆ ಹಂತ ಮುಟ್ಟಿದವರು ತಿಂಗಳುಗಳಲ್ಲಿ ಹೋಗಿಬಿಡುತ್ತಿದ್ದರು. ಹೈಡ್ರಾಕ್ಸಿಯೂರಿಯಾ ಮಾತ್ರೆ ಕಣಗಳ ಸಂಖ್ಯೆಯನ್ನು ಇಳಿಸುತ್ತಿತ್ತೇ ಹೊರತು ಆ ದಿನವನ್ನು ತಪ್ಪಿಸುತ್ತಿರಲಿಲ್ಲ. ಇಂಟರ್‌ಫೆರಾನ್ ಇಂಜೆಕ್ಷನ್ ಕೆಲವರಿಗೆ ಹಿಡಿಸಿದರೂ ದಿನವೂ ಜ್ವರ ಬಂದವರ ಹಾಗೆ ಮಾಡಿಬಿಡುತ್ತಿತ್ತು. ಅಣ್ಣತಮ್ಮನದೋ ಅಕ್ಕತಂಗಿಯದೋ ಮಜ್ಜೆ ಹೊಂದಿಕೆಯಾಗಿ, ಕಸಿಗೆ ದುಡ್ಡೂ ಇದ್ದವರಿಗೆ ಮಾತ್ರ ನಿಜವಾದ ದಾರಿಯಿತ್ತು.

ಈಗ ಅದೇ ರೋಗಿಗೆ ಸಿಗುವುದು ದಿನಕ್ಕೊಂದು ಮಾತ್ರೆ. ಸುಮ್ಮನಿರುವ ಹಂತದಲ್ಲೇ ಪತ್ತೆಯಾಗಿ ಮಾತ್ರೆ ಬಿಡದೆ ನುಂಗಿದವರಲ್ಲಿ ಬಹುಪಾಲು ಜನ ತಮ್ಮ ವಯಸ್ಸಿನ ಉಳಿದವರಷ್ಟೇ ಕಾಲ ಬದುಕುತ್ತಾರೆ. ಇದಕ್ಕೆಲ್ಲ ಕಾರಣ ಒಂದು ಜೀನ್. ಅದು ಕಾಯಿಲೆಯ ಬೇರೂ ಹೌದು, ಔಷಧದ ಗುರಿಯೂ ಹೌದು, ಕಾಯಿಲೆ ಎಷ್ಟು ಉಳಿದಿದೆ ಎಂದು ಅಳೆಯುವ ಗುರುತೂ ಹೌದು. ಯಾವುದೋ ಕಾಯಿಲೆಗೆ 'ಹೊಸ ಜೀನ್ ಪತ್ತೆ, ಔಷಧಕ್ಕೆ ದಾರಿ' ಎಂಬ ಸುದ್ದಿ ಪೇಪರಿನಲ್ಲಿ ಬರುತ್ತಲೇ ಇರುತ್ತದೆ. ಅಂಥ ಸುದ್ದಿಯಲ್ಲಿ 'ಸಾಧ್ಯತೆ' ಎಂಬ ಪದ ಕಂಡಾಗಲೆಲ್ಲ ನನಗೆ ಬಿಸಿಆರ್-ಎಬಿಎಲ್ ಎಂಬ ಈ ಜೀನ್ ನೆನಪಾಗುತ್ತದೆ. ಅದರ ಸಾಧ್ಯತೆ ನಿಜವಾಗಲು ನಲವತ್ತು ವರ್ಷ ಹಿಡಿಯಿತು. ನಮ್ಮ ದೇಶದಲ್ಲಂತೂ ಅರ್ಧ ಮಾತ್ರ ನಿಜವಾಗಿದೆ ಎಂಬುದು ನನ್ನ ತಕರಾರು.

ಮನುಷ್ಯನ ಜೀವಕೋಶದಲ್ಲಿ 46 ವರ್ಣತಂತುಗಳಿವೆ ಎಂದು ಖಚಿತವಾದದ್ದೇ 1956ರಲ್ಲಿ. ಅದಾಗಿ ನಾಲ್ಕು ವರ್ಷಕ್ಕೆ ಫಿಲಡೆಲ್ಫಿಯಾದಲ್ಲಿ ಪೀಟರ್ ನೋವೆಲ್ ಮತ್ತು ಡೇವಿಡ್ ಹಂಗರ್‌ಫರ್ಡ್ ಸಿಎಂಎಲ್ ರೋಗಿಗಳ ರಕ್ತಕಣಗಳಲ್ಲಿ ಒಂದು ವರ್ಣತಂತು ಅಸಾಮಾನ್ಯವಾಗಿ ಮೋಟಾಗಿರುವುದನ್ನು ಕಂಡರು. ನೋವೆಲ್ ಸ್ಲೈಡುಗಳನ್ನು ನಲ್ಲಿ ನೀರಿನಲ್ಲಿ ತೊಳೆದಿದ್ದರಂತೆ. ನೀರು ಕುಡಿದ ಕಣಗಳು ಉಬ್ಬಿ, ಒಳಗಿನ ವರ್ಣತಂತುಗಳು ಬಿಡಿಬಿಡಿಯಾಗಿ ಹರಡಿಕೊಂಡು ಎಣಿಸಲು ಸಿಕ್ಕವು. ಒಬ್ಬ ರೋಗಿಯಲ್ಲಿ ಕಂಡ ಮೋಟು ತುಂಡು ಇನ್ನೊಬ್ಬನಲ್ಲೂ ಮತ್ತೊಬ್ಬನಲ್ಲೂ ಕಂಡಿತು. ಅದಕ್ಕೆ 'ಫಿಲಡೆಲ್ಫಿಯಾ ವರ್ಣತಂತು' ಎಂಬ ಹೆಸರು ಬಿತ್ತು. ಒಂದು ಕ್ಯಾನ್ಸರಿಗೂ ಒಂದು ನಿರ್ದಿಷ್ಟ ವರ್ಣತಂತು ದೋಷಕ್ಕೂ ಗಂಟು ಬಿದ್ದದ್ದು ಅದೇ ಮೊದಲು. ಆದರೆ ಆ ದೋಷ ಕಾಯಿಲೆಯ ಕಾರಣವೋ, ಕಾಯಿಲೆಯ ಹೊಡೆತಕ್ಕೆ ಆದ ಪರಿಣಾಮವೋ ಎಂದು ಯಾರಿಗೂ ಹೇಳಲಾಗಲಿಲ್ಲ. ಪರಿಣಾಮವೇ ಇರಬೇಕು ಎಂದವರೇ ಹೆಚ್ಚು.

ಕಳೆದುಹೋದ ತುಂಡು ಎಲ್ಲಿಗೆ ಹೋಯಿತು ಎಂಬುದು ಗೊತ್ತಾಗಲು ಹದಿಮೂರು ವರ್ಷ ಬೇಕಾಯಿತು. ಷಿಕಾಗೋದ ಜಾನೆಟ್ ರೌಲಿ ನಾಲ್ಕು ಗಂಡುಮಕ್ಕಳ ತಾಯಿ. ಮಕ್ಕಳು ಚಿಕ್ಕವರಿದ್ದಾಗ ವಾರಕ್ಕೆ ಕೆಲವೇ ದಿನ ಕೆಲಸಕ್ಕೆ ಹೋಗುತ್ತಿದ್ದ ವೈದ್ಯೆ. ಆಕ್ಸ್‌ಫರ್ಡಿನಲ್ಲಿ ಆಕೆ ಹೊಸದೊಂದು ವಿದ್ಯೆ ಕಲಿತು ಬಂದಿದ್ದರು. ಬಣ್ಣ ಹಾಕಿದರೆ ಪ್ರತಿ ವರ್ಣತಂತುವಿನ ಮೇಲೂ ಅದಕ್ಕೇ ಮೀಸಲಾದ ಅಡ್ಡಪಟ್ಟೆಗಳು ಮೂಡುತ್ತವೆ, ಹಾಗಾಗಿ ಒಂದನ್ನೊಂದು ಬೇರ್ಪಡಿಸಿ ಗುರುತು ಹಿಡಿಯಬಹುದು. ಆಕೆ ಫೋಟೊಗಳನ್ನು ಮನೆಗೆ ತಂದು, ಊಟದ ಮೇಜಿನ ಮೇಲೆ ಹರಡಿ, ಕತ್ತರಿಯಿಂದ ಒಂದೊಂದೇ ವರ್ಣತಂತುವನ್ನು ಕತ್ತರಿಸಿ ಜೋಡಿಸುತ್ತಿದ್ದರು. ಯಾರೂ ಸೀನಬಾರದು ಎಂದು ಮಕ್ಕಳಿಗೆ ತಾಕೀತು. ಅಮ್ಮ ಕಾಗದದ ಗೊಂಬೆ ಕತ್ತರಿಸುವ ಕೆಲಸಕ್ಕೂ ಸಂಬಳ ತೆಗೆದುಕೊಳ್ಳುತ್ತಾಳೆ ಎಂದು ಮಕ್ಕಳು ತಮಾಷೆ ಮಾಡುತ್ತಿದ್ದರಂತೆ. ಆ ಮೇಜಿನ ಮೇಲೆ ಆಕೆಗೆ ಕಂಡದ್ದು ಇಷ್ಟು: 22ನೆಯ ವರ್ಣತಂತು ಎಷ್ಟು ಮೋಟಾಗಿತ್ತೋ 9ನೆಯದು ಸುಮಾರಾಗಿ ಅಷ್ಟೇ ಉದ್ದವಾಗಿತ್ತು. ಏನೂ ಕಳೆದುಹೋಗಿರಲಿಲ್ಲ. ಎರಡು ವರ್ಣತಂತುಗಳು ತುಂಡಾಗಿ ತಮ್ಮ ಬಾಲಗಳನ್ನು ಅದಲುಬದಲು ಮಾಡಿಕೊಂಡಿದ್ದವು. 1973ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಅದು ಪ್ರಕಟವಾಯಿತು.

ಮುಂದಿನ ಕೆಲಸ ಜೀನ್‌ಗಳ ಮಟ್ಟದ್ದು. 1980ರ ದಶಕದಲ್ಲಿ ಹಲವು ಪ್ರಯೋಗಾಲಯಗಳು ಸೇರಿ ಬಿಡಿಸಿದ ಒಗಟಿನ ಸಾರ ಹೀಗೆ. 9ನೆಯ ವರ್ಣತಂತುವಿನಲ್ಲಿ ಎಬಿಎಲ್ ಎಂಬ ಜೀನ್ ಇದೆ. 22ರಲ್ಲಿ ತುಂಡಾಗುವ ಜಾಗದಲ್ಲಿ ಬಿಸಿಆರ್ ಎಂಬ ಜೀನ್ ಇದೆ. ಅದಲುಬದಲಾದಾಗ ಬಿಸಿಆರ್‌ನ ತಲೆಗೆ ಎಬಿಎಲ್‌ನ ಮುಂಡ ಅಂಟಿಕೊಂಡು, ನಮಗೆ ಹುಟ್ಟಿನಿಂದ ಬಾರದ ಒಂದು ಹೊಸ ಜೀನ್ ಹುಟ್ಟುತ್ತದೆ. ಇದು ಅಪ್ಪ-ಅಮ್ಮನಿಂದ ಬರುವುದೂ ಅಲ್ಲ, ಮಕ್ಕಳಿಗೆ ಹೋಗುವುದೂ ಅಲ್ಲ. ಮೂಳೆಮಜ್ಜೆಯ ಒಂದೇ ಒಂದು ಕಣದಲ್ಲಿ ಆದ ಎಡವಟ್ಟು, ಅದರ ಸಂತತಿಯಲ್ಲಿ ಮಾತ್ರ ಮುಂದುವರಿಯುತ್ತದೆ. ರೋಗಿಯ ಕುಟುಂಬದವರಿಗೆ ಇದನ್ನು ಬಿಡಿಸಿ ಹೇಳಬೇಕು. ಮಗಳ ಮದುವೆಯ ಮಾತುಕತೆ ಇದೇ ಭಯಕ್ಕೆ ನಿಂತುಹೋಗುವ ಸಂಭವ ನಮ್ಮಲ್ಲಿ ಇದ್ದೇ ಇದೆ.

ಎಬಿಎಲ್ ತಯಾರಿಸುವ ಪ್ರೋಟೀನು ಒಂದು ಕೈನೇಸ್. ಕಣದಲ್ಲಿ ಶಕ್ತಿ ಹೊತ್ತು ತಿರುಗುವ ಎಟಿಪಿ ಎಂಬ ಅಣುವಿನಿಂದ ಒಂದು ಫಾಸ್ಫೇಟ್ ಕಿತ್ತು ಬೇರೆ ಪ್ರೋಟೀನುಗಳಿಗೆ ಅಂಟಿಸುವುದು ಅದರ ಕಸುಬು. ಅಂಟಿಸಿದ ಕೂಡಲೇ 'ಬೆಳೆ, ವಿಭಜಿಸು' ಎಂಬ ಸಂದೇಶ ಹೊರಡುತ್ತದೆ. ಸಹಜ ಎಬಿಎಲ್‌ಗೆ ತನ್ನನ್ನು ತಾನೇ ಮುಚ್ಚಿಕೊಳ್ಳುವ ವ್ಯವಸ್ಥೆ ಇದೆ. ಅದರ ಮೂತಿಯ ತುದಿಯಲ್ಲಿರುವ ಕೊಬ್ಬಿನ ಎಳೆಯೊಂದು ಮಡಚಿಕೊಂಡು ಪ್ರೋಟೀನಿನ ಹಿಂಭಾಗದ ಒಂದು ಗೂಡಿನೊಳಗೆ ಕೂರುತ್ತದೆ, ಕೆಲಸ ನಿಲ್ಲುತ್ತದೆ. ಬಿಸಿಆರ್ ಬಂದು ಅಂಟಿಕೊಂಡಾಗ ಆ ಮೂತಿಯೇ ಕತ್ತರಿಸಿ ಹೋಗುತ್ತದೆ. ಅಷ್ಟೇ ಸಾಲದು ಎಂಬಂತೆ ಬಿಸಿಆರ್ ಭಾಗಗಳು ಒಂದಕ್ಕೊಂದು ತಳುಕು ಹಾಕಿಕೊಂಡು ಕೈನೇಸ್‌ಗಳನ್ನು ಜೊತೆಗೂಡಿಸಿ ಪರಸ್ಪರ ಕೆರಳಿಸುತ್ತವೆ. ಬಟನ್ ಒಳಗೇ ಸಿಕ್ಕಿಕೊಂಡು ಹಗಲೂ ರಾತ್ರಿ ಹಾರ್ನ್ ಹೊಡೆಯುತ್ತಲೇ ಇರುವ ಲಾರಿಯ ಸ್ಥಿತಿ. 1990ರಲ್ಲಿ ಡೇವಿಡ್ ಬಾಲ್ಟಿಮೋರ್ ಬಳಗ ಈ ಒಂದೇ ಜೀನನ್ನು ಇಲಿಗಳ ಮಜ್ಜೆಗೆ ಸೇರಿಸಿದಾಗ ಅವುಗಳಿಗೂ ಸಿಎಂಎಲ್‌ನಂಥದೇ ಕಾಯಿಲೆ ಬಂತು. ಕಾರಣವೋ ಪರಿಣಾಮವೋ ಎಂಬ ಮೂವತ್ತು ವರ್ಷದ ಜಗಳ ಅಲ್ಲಿಗೆ ಮುಗಿಯಿತು.

ನನ್ನ ಲೆಕ್ಕದಲ್ಲಿ ಇಡೀ ಕಥೆಯ ತಿರುವು ಇದೇ. ಕಾಯಿಲೆಯವರಲ್ಲಿ ಒಂದು ಜೀನ್ ಜಾಸ್ತಿ ಕಂಡರೆ ಅದನ್ನು ಗುರುತಾಗಿ ಬಳಸಬಹುದು. ಔಷಧದ ಗುರಿ ಎನ್ನಲು ಅಷ್ಟು ಸಾಲದು. ಅದನ್ನು ತಡೆದರೆ ಕಾಯಿಲೆ ನಿಲ್ಲುತ್ತದೆ, ತಡೆದಾಗ ಉಳಿದ ಅಂಗಗಳು ಬದುಕುತ್ತವೆ ಎಂಬ ಎರಡನ್ನೂ ತೋರಿಸಬೇಕು. ಪೇಪರಿನಲ್ಲಿ ಬರುವ ಎಷ್ಟೋ ಜೀನ್‌ಗಳು ಈ ಮೆಟ್ಟಿಲಿನಲ್ಲೇ ಮುಗ್ಗರಿಸುತ್ತವೆ.

ಮಾತ್ರೆಯ ಹುಟ್ಟು

ಮನುಷ್ಯನ ಮೈಯಲ್ಲಿ ಐನೂರಕ್ಕೂ ಹೆಚ್ಚು ಕೈನೇಸ್‌ಗಳಿವೆ. ಎಲ್ಲಕ್ಕೂ ಬೇಕಾದದ್ದು ಅದೇ ಎಟಿಪಿ. ಎಟಿಪಿ ಕೂರುವ ಜಾಗವನ್ನು ಔಷಧದಿಂದ ಮುಚ್ಚಿದರೆ ಐನೂರೂ ಒಟ್ಟಿಗೆ ನಿಂತು ರೋಗಿ ಸಾಯುತ್ತಾನೆ ಎಂದು ಆಗಿನ ಔಷಧ ಉದ್ಯಮದ ದೊಡ್ಡ ತಲೆಗಳು ನಂಬಿದ್ದರು. ಸ್ವಿಟ್ಜರ್‌ಲೆಂಡಿನ ಬಾಸೆಲ್‌ನಲ್ಲಿ ಸೀಬಾ-ಗೈಗಿ ಕಂಪನಿಯ ಅಲೆಕ್ಸ್ ಮಾಟರ್, ನಿಕೊಲಸ್ ಲಿಡನ್ ಹಾಗೂ ರಸಾಯನಜ್ಞ ಯುರ್ಗ್ ಝಿಮ್ಮರ್‌ಮನ್ ನಂಬಲಿಲ್ಲ. ಬೇರೊಂದು ಕೈನೇಸ್‌ಗೆಂದು ಹುಡುಕಿದ್ದ ಅಣುವಿಗೆ ಝಿಮ್ಮರ್‌ಮನ್ ಒಂದು ಮೀಥೈಲ್ ಗುಂಪು ಸೇರಿಸಿದಾಗ ಅದು ಹಳೆಯ ಗುರಿಯನ್ನು ಬಿಟ್ಟು ಎಬಿಎಲ್ ಕಡೆಗೆ ತಿರುಗಿತು. ನೀರಿನಲ್ಲಿ ಕರಗಲೆಂದು ಇನ್ನೊಂದು ಬಾಲ ಅಂಟಿಸಿದ ಮೇಲೆ ಹೊಟ್ಟೆಗೆ ನುಂಗುವ ಮಾತ್ರೆಗೆ ಯೋಗ್ಯವಾಯಿತು. ಎಬಿಎಲ್ ವಿಶ್ರಾಂತಿ ಭಂಗಿಯಲ್ಲಿರುವಾಗ ಮಾತ್ರ ಈ ಅಣು ಒಳಗೆ ಕೂರುತ್ತದೆ, ಆ ಭಂಗಿ ಎಲ್ಲ ಕೈನೇಸ್‌ಗಳಿಗೂ ಒಂದೇ ಥರ ಇರುವುದಿಲ್ಲ, ಹಾಗಾಗಿಯೇ ಐನೂರೂ ಒಟ್ಟಿಗೆ ನಿಲ್ಲುವುದಿಲ್ಲ ಎಂಬ ವಿವರ ಗೊತ್ತಾದದ್ದು ಆಮೇಲೆ.

ಈ ಅಣುವನ್ನು ರೋಗಿಯವರೆಗೆ ತಂದ ಹಟವಾದಿ ಬ್ರಯನ್ ಡ್ರೂಕರ್. 1993ರಲ್ಲಿ ಬಾಸ್ಟನ್ ಬಿಟ್ಟು ಅಮೆರಿಕದ ಪಶ್ಚಿಮ ಮೂಲೆಯ ಪೋರ್ಟ್‌ಲೆಂಡ್‌ಗೆ ಹೋದ ಈ ವೈದ್ಯ, ಲಿಡನ್‌ರಿಂದ ಅಣುಗಳನ್ನು ತರಿಸಿಕೊಂಡು ಸಿಎಂಎಲ್ ಕಣಗಳ ಮೇಲೆ ಹಾಕಿ ನೋಡಿದರು. ಫಿಲಡೆಲ್ಫಿಯಾ ವರ್ಣತಂತು ಇದ್ದ ಕಣಗಳು ಸತ್ತವು, ಇಲ್ಲದವು ಉಳಿದವು. 1996ರಲ್ಲಿ ಫಲಿತಾಂಶ ಪ್ರಕಟವಾಯಿತು. ಅದೇ ಸುಮಾರಿಗೆ ಸೀಬಾ-ಗೈಗಿಯೂ ಸ್ಯಾಂಡೋಜ್ ಕಂಪನಿಯೂ ಸೇರಿ ನೊವಾರ್ಟಿಸ್ ಆಯಿತು. ಹೊಸ ಕಂಪನಿಗೆ ಉತ್ಸಾಹವೇನೂ ಇರಲಿಲ್ಲ. ಅಮೆರಿಕದಲ್ಲಿ ವರ್ಷಕ್ಕೆ ಐದಾರು ಸಾವಿರ ಹೊಸ ರೋಗಿಗಳಿರುವ ಕಾಯಿಲೆಗೆ ಮಾರುಕಟ್ಟೆ ಎಲ್ಲಿಯದು? ನಾಯಿಗಳ ಮೇಲಿನ ಪ್ರಯೋಗದಲ್ಲಿ ಯಕೃತ್ತಿಗೆ ಹಾನಿಯಾದದ್ದು ಇನ್ನೊಂದು ನೆಪವಾಯಿತು. ಕೊನೆಗೂ 1998ರ ಜೂನ್‌ನಲ್ಲಿ ಮೊದಲ ರೋಗಿಗೆ ಮಾತ್ರೆ ಕೊಟ್ಟರು. ಇಂಟರ್‌ಫೆರಾನ್ ಕೈಬಿಟ್ಟ ರೋಗಿಗಳಲ್ಲಿ ದಿನಕ್ಕೆ 300 ಮಿಲಿಗ್ರಾಂ ಅಥವಾ ಅದಕ್ಕಿಂತ ಹೆಚ್ಚು ನುಂಗಿದ 54 ಮಂದಿಯಲ್ಲಿ 53 ಮಂದಿಯ ರಕ್ತಕಣಗಳ ಲೆಕ್ಕ ಸರಿಹೋಯಿತು. ಕ್ಯಾನ್ಸರ್ ವೈದ್ಯರು ಇಂಥ ಸಂಖ್ಯೆ ನೋಡಿಯೇ ಇರಲಿಲ್ಲ. ಸುದ್ದಿ ಇಂಟರ್ನೆಟ್ಟಿನಲ್ಲಿ ಹಬ್ಬಿತು. ಹೆಚ್ಚು ಮಾತ್ರೆ ತಯಾರಿಸಿ ಎಂದು ಸಾವಿರಾರು ಜನ ಸಹಿ ಹಾಕಿದ ಮನವಿ ಕಂಪನಿಗೆ ಹೋಯಿತು. 2001ರ ಮೇ 10ರಂದು ಅಮೆರಿಕದ ಎಫ್‌ಡಿಎ ಒಪ್ಪಿಗೆ ಕೊಟ್ಟಿತು. ಮಾತ್ರೆಯ ಹೆಸರು ಇಮ್ಯಾಟಿನಿಬ್, ಮಾರಾಟದ ಹೆಸರು ಗ್ಲಿವೆಕ್.

ಗುರಿಯಿಟ್ಟ ಔಷಧ ಎಂದರೂ ಅದು ಒಂದೇ ಕಡೆ ನಾಟುವುದಿಲ್ಲ. ಇಮ್ಯಾಟಿನಿಬ್ 'ಕಿಟ್' ಎಂಬ ಇನ್ನೊಂದು ಕೈನೇಸನ್ನೂ ತಡೆಯುತ್ತದೆ. ಇದೇ ಗುಣದಿಂದ ಜೀರ್ಣಾಂಗದ ಗೆಡ್ಡೆಯ ಒಂದು ಬಗೆಗೂ ಅದು ಮದ್ದಾಯಿತು. ಚರ್ಮಕ್ಕೆ ಬಣ್ಣ ಕೊಡುವ ಕಣಗಳಿಗೂ ಕಿಟ್ ಬೇಕು. ಹಾಗಾಗಿ ಮಾತ್ರೆ ನುಂಗುವ ಕೆಲವರ ಮೈಬಣ್ಣ ತಿಳಿಯಾಗುತ್ತದೆ, ನಮ್ಮಂಥ ಕಂದು ಮೈಯವರಲ್ಲಿ ಎದ್ದು ಕಾಣುವಷ್ಟು. ಊರಿನವರು 'ಬೆಂಗಳೂರಿನ ನೀರು ಹಿಡಿಸಿದೆ, ಬೆಳ್ಳಗಾಗಿದ್ದೀಯ' ಎಂದರೆ ಕಾಯಿಲೆಯ ವಿಷಯ ಮುಚ್ಚಿಟ್ಟವರು ಏನು ಉತ್ತರ ಹೇಳಬೇಕು?

ಚೆನ್ನೈಯಿಂದ ದಿಲ್ಲಿಗೆ

ಮಾತ್ರೆ ಬಂತು, ಬೆಲೆಯೂ ಬಂತು. ಅಮೆರಿಕದಲ್ಲಿ ಆರಂಭದಲ್ಲಿ ವರ್ಷಕ್ಕೆ ಸುಮಾರು 30,000 ಡಾಲರ್ ಇದ್ದದ್ದು 2012ರ ಹೊತ್ತಿಗೆ 90,000 ದಾಟಿತು. ಸಣ್ಣ ಮಾರುಕಟ್ಟೆ ಎಂದು ಮೂಗು ಮುರಿದವರ ಎಣಿಕೆ ಒಂದು ಕಡೆ ತಪ್ಪಿತ್ತು. ರೋಗಿ ಸಾಯದಿದ್ದರೆ ಗಿರಾಕಿ ಕಡಿಮೆಯಾಗುವುದಿಲ್ಲ, ವರ್ಷವರ್ಷಕ್ಕೂ ಹೊಸಬರು ಸೇರುತ್ತಲೇ ಹೋಗುತ್ತಾರೆ. 2013ರಲ್ಲಿ ಜಗತ್ತಿನ ನೂರಕ್ಕೂ ಹೆಚ್ಚು ಸಿಎಂಎಲ್ ತಜ್ಞರು ಒಟ್ಟಾಗಿ ಈ ಬೆಲೆಯ ವಿರುದ್ಧ ಬರೆದರು. ಅವರಲ್ಲಿ ಡ್ರೂಕರ್ ಕೂಡ ಇದ್ದರು.

ಭಾರತದಲ್ಲಿ ಗ್ಲಿವೆಕ್‌ಗೆ ಆಗ ತಿಂಗಳಿಗೆ ಸುಮಾರು 1.2 ಲಕ್ಷ ರೂಪಾಯಿ ಇತ್ತು. ಹೈದರಾಬಾದಿನ ನ್ಯಾಟ್ಕೊದಂಥ ಕಂಪನಿಗಳ ಮಾತ್ರೆಗೆ 8,000ದಿಂದ 10,000 ಇತ್ತು. ನೊವಾರ್ಟಿಸ್ 1998ರಲ್ಲೇ ಚೆನ್ನೈನ ಪೇಟೆಂಟ್ ಕಚೇರಿಗೆ ಅರ್ಜಿ ಹಾಕಿತ್ತು. ಇಮ್ಯಾಟಿನಿಬ್ ಮೆಸಿಲೇಟ್‌ನ 'ಬೀಟಾ' ಹರಳು ರೂಪಕ್ಕೆ ಪೇಟೆಂಟ್ ಬೇಕೆಂಬುದು ಅದರ ಕೋರಿಕೆ. 2003ರಲ್ಲಿ ಅದಕ್ಕೆ ಮಾರಾಟದ ಏಕಸ್ವಾಮ್ಯ ಸಿಕ್ಕಿ, ಕೆಲವು ದೇಶಿ ಕಂಪನಿಗಳ ಮಾತ್ರೆ ನಿಂತಾಗ ರೋಗಿಗಳು ಕಂಗಾಲಾದರು. ಮುಂಬೈನ ಕ್ಯಾನ್ಸರ್ ಪೇಷೆಂಟ್ಸ್ ಏಯ್ಡ್ ಅಸೋಸಿಯೇಷನ್ ತಕರಾರು ಸಲ್ಲಿಸಿತು. 2006ರಲ್ಲಿ ಚೆನ್ನೈ ಕಚೇರಿ ಅರ್ಜಿಯನ್ನು ತಳ್ಳಿಹಾಕಿತು. ಗೊತ್ತಿರುವ ವಸ್ತುವಿಗೆ ಹೊಸ ರೂಪ ಕೊಟ್ಟ ಮಾತ್ರಕ್ಕೆ ಪೇಟೆಂಟ್ ಇಲ್ಲ, ಚಿಕಿತ್ಸೆಯ ಗುಣ ಹೆಚ್ಚಿರಬೇಕು ಎನ್ನುವ ಪೇಟೆಂಟ್ ಕಾಯ್ದೆಯ 3(ಡಿ) ಕಲಮಿನ ಮೇಲೆ ಜಗಳ ಮೇಲೇರುತ್ತ ಹೋಗಿ, 2013ರ ಏಪ್ರಿಲ್ 1ರಂದು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಅಫ್ತಾಬ್ ಆಲಂ ಮತ್ತು ರಂಜನಾ ಪ್ರಕಾಶ್ ದೇಸಾಯಿ ಅವರ ಪೀಠ ನೊವಾರ್ಟಿಸ್ ಮೇಲ್ಮನವಿಯನ್ನು ವಜಾ ಮಾಡಿತು. ಕಂಪನಿ ತನ್ನ ನೆರವು ಯೋಜನೆಯಡಿ ಭಾರತದ ಸಾವಿರಾರು ರೋಗಿಗಳಿಗೆ ಮಾತ್ರೆಯನ್ನು ಪುಕ್ಕಟೆ ಕೊಟ್ಟದ್ದೂ ನಿಜ, ಅದನ್ನು ಮರೆಯಬಾರದು. ಆದರೂ ಬದುಕು ಇನ್ನೊಬ್ಬರ ದಾನಪಟ್ಟಿಯ ಮೇಲೆ ನಿಲ್ಲುವುದಕ್ಕೂ ಮೆಡಿಕಲ್ ಶಾಪಿನಲ್ಲಿ ಕೈಗೆಟಕುವುದಕ್ಕೂ ವ್ಯತ್ಯಾಸವಿದೆ. ಈಗ ಇಮ್ಯಾಟಿನಿಬ್ ನಮ್ಮ ಅಗತ್ಯ ಔಷಧಗಳ ಪಟ್ಟಿಯಲ್ಲಿದೆ.

ಅಂದರೆ ಜೀನ್ ಗುರಿಯಾಗಿ ನಮಗೆ ದಕ್ಕಿತು. ಗುರುತಾಗಿ?

ಸೊನ್ನೆಯ ನಂತರದ ಸೊನ್ನೆಗಳು

ಮಾತ್ರೆ ಶುರುವಾಗಿ ಎರಡು-ಮೂರು ತಿಂಗಳಲ್ಲಿ ರಕ್ತದ ಲೆಕ್ಕ ಸರಿಯಾಗುತ್ತದೆ, ಗುಲ್ಮ ಇಳಿಯುತ್ತದೆ, ಹಸಿವು ಮರಳುತ್ತದೆ. ಕಾಯಿಲೆ ಹೋಯಿತೆಂದು ರೋಗಿಗೆ ಅನ್ನಿಸುವುದು ಸಹಜ. ಆಗಲೂ ಮೈಯಲ್ಲಿ ಬಿಸಿಆರ್-ಎಬಿಎಲ್ ಇರುವ ಕಣಗಳು ಕೋಟಿಗಟ್ಟಲೆ ಉಳಿದಿರಬಹುದು, ಸೂಕ್ಷ್ಮದರ್ಶಕಕ್ಕೆ ಕಾಣುವುದಿಲ್ಲ ಅಷ್ಟೆ. ಅವನ್ನು ಹಿಡಿಯುವುದು ಪಿಸಿಆರ್. ಕೋವಿಡ್ ಕಾಲದಲ್ಲಿ ಮನೆಮಾತಾದ ಅದೇ ತಂತ್ರ. ಬಿಸಿಆರ್-ಎಬಿಎಲ್ ಜೀನಿನ ಆರ್‌ಎನ್‌ಎ ಪ್ರತಿಗಳು ಎಷ್ಟಿವೆ ಎಂದು ಅದು ಎಣಿಸುತ್ತದೆ.

ವರದಿಯ ಹಾಳೆಯಲ್ಲಿ ರೋಗಿ ಹುಡುಕುವುದು ಒಂದೇ ಸಾಲು, ಶೇಕಡಾ ಇಷ್ಟು, ಪಕ್ಕದಲ್ಲಿ ಐಎಸ್ ಎಂಬ ಎರಡಕ್ಷರ. ಅಂತರರಾಷ್ಟ್ರೀಯ ಅಳತೆ ಎಂಬುದರ ಸಂಕ್ಷೇಪ ಅದು. ಲ್ಯಾಬಿನಿಂದ ಲ್ಯಾಬಿಗೆ ಎಣಿಕೆ ಬೇರೆಯಾದರೆ ವೈದ್ಯರು ಯಾವುದನ್ನು ನಂಬಬೇಕು? ಅದಕ್ಕೇ 1,106 ರೋಗಿಗಳ 'ಐರಿಸ್' ಎಂಬ ದೊಡ್ಡ ಪ್ರಯೋಗದಲ್ಲಿ, ಚಿಕಿತ್ಸೆಗೆ ಮುಂಚಿನ 30 ರೋಗಿಗಳ ಮಾದರಿಗಳ ನಡುಮಟ್ಟವನ್ನು 100 ಎಂದು ಇಟ್ಟುಕೊಂಡರು. ಅಲ್ಲಿಂದ ಸಾವಿರದಲ್ಲೊಂದು ಪಾಲಿಗೆ, ಅಂದರೆ 0.1ಕ್ಕೆ ಇಳಿದವರು ಸುರಕ್ಷಿತ ದಡದಲ್ಲಿದ್ದಾರೆ ಎಂದು ಲೆಕ್ಕ. ಮೂರನೆಯ ತಿಂಗಳಿಗೆ 10ಕ್ಕಿಂತ ಕೆಳಗಿಳಿಯಬೇಕು, ವರ್ಷ ತುಂಬುವುದರೊಳಗೆ 1ಕ್ಕಿಂತ ಕೆಳಗೆ. ಇಳಿಯದಿದ್ದರೆ ವೈದ್ಯರು ಮೊದಲು ಕೇಳುವ ಪ್ರಶ್ನೆ: ಮಾತ್ರೆ ತಪ್ಪಿಸುತ್ತಿದ್ದೀರಾ?

ಕೇಳಲು ಕಾರಣವಿದೆ. ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯವರು ಡಬ್ಬಿ ತೆರೆದಾಗಲೆಲ್ಲ ದಾಖಲಿಸುವ ಚಿಪ್ ಇರುವ ಮುಚ್ಚಳ ಕೊಟ್ಟು ನೋಡಿದಾಗ, ಹತ್ತರಲ್ಲಿ ಒಂದಕ್ಕಿಂತ ಹೆಚ್ಚು ಮಾತ್ರೆ ತಪ್ಪಿಸಿದವರಲ್ಲಿ ಬಹುಪಾಲು ಮಂದಿ 0.1ರ ಗಡಿ ಮುಟ್ಟಿರಲಿಲ್ಲ. ತಪ್ಪದೆ ನುಂಗಿದವರಲ್ಲಿ ಬಹುತೇಕ ಎಲ್ಲರೂ ಮುಟ್ಟಿದ್ದರು. ಮಾತ್ರೆ ಸರಿಯಾಗಿ ನುಂಗಿಯೂ ಅಂಕಿ ಏರಿದರೆ ಜೀನ್ ತನ್ನ ವೇಷ ಬದಲಿಸಿದೆ ಎಂಬ ಅನುಮಾನ ಹುಟ್ಟುತ್ತದೆ. ಔಷಧ ಬಂದ ವರ್ಷವೇ ಚಾರ್ಲ್ಸ್ ಸಾಯರ್ಸ್ ಬಳಗ ಅದನ್ನು ಹಿಡಿದುಕೊಟ್ಟಿತು. ಡಿಎನ್‌ಎಯ ಒಂದೇ ಅಕ್ಷರ ಬದಲಾಗಿ, ಪ್ರೋಟೀನಿನ 315ನೆಯ ಜಾಗದಲ್ಲಿ ದಪ್ಪ ಅಮಿನೊ ಆಮ್ಲವೊಂದು ಬಂದು ಕೂತು ಇಮ್ಯಾಟಿನಿಬ್ ಒಳಗೆ ಬಾರದಂತೆ ಅಡ್ಡ ನಿಲ್ಲುತ್ತದೆ. ಡಸಾಟಿನಿಬ್, ನಿಲೋಟಿನಿಬ್ ಎಂಬ ಮುಂದಿನ ಮಾತ್ರೆಗಳು ಬೇರೆ ರೂಪಾಂತರಗಳನ್ನು ಗೆದ್ದರೂ ಇದರ ಮುಂದೆ ಸೋತವು. ಪೊನಾಟಿನಿಬ್ ಗೆದ್ದಿತು, ಆದರೆ ರಕ್ತನಾಳಗಳಿಗೆ ಅಪಾಯ ತಂದಿತು. 2021ರಲ್ಲಿ ಒಪ್ಪಿಗೆ ಪಡೆದ ಅಸಿಮಿನಿಬ್‌ನ ಜಾಣತನ ನನಗೆ ಎಲ್ಲಕ್ಕಿಂತ ಇಷ್ಟ. ಅದು ಎಟಿಪಿ ಜಾಗದ ಗೊಡವೆಗೇ ಹೋಗದೆ, ಮೂತಿ ಕಳೆದುಕೊಂಡ ಎಬಿಎಲ್‌ನ ಹಿಂಭಾಗದ ಖಾಲಿ ಗೂಡಿನಲ್ಲಿ ಹೋಗಿ ಕೂರುತ್ತದೆ. ಎಂದೋ ಕತ್ತರಿಸಿ ಹೋದ ಮುಚ್ಚಳವನ್ನು ಹೊರಗಿನಿಂದ ಹಾಕಿದಂತಾಯಿತು.

ಗುರುತಿಗೂ ಒಂದು ಮಿತಿ ಇದೆ. ಕಾಯಿಲೆಯ ಸುಳಿವೇ ಇಲ್ಲದ ಆರೋಗ್ಯವಂತರ ರಕ್ತದಲ್ಲೂ ಅತಿ ಸೂಕ್ಷ್ಮ ಪರೀಕ್ಷೆ ಮಾಡಿದರೆ ಕೆಲವೊಮ್ಮೆ ಬಿಸಿಆರ್-ಎಬಿಎಲ್ ಸಿಗುತ್ತದೆ ಎಂದು 1990ರ ದಶಕದಲ್ಲೇ ತೋರಿಸಿದ್ದಾರೆ. ಅವರಲ್ಲಿ ಬಹುತೇಕ ಯಾರಿಗೂ ಕಾಯಿಲೆ ಬರುವುದಿಲ್ಲ. ಹಾಗಾಗಿ ಇದು ಊರಿಗೆಲ್ಲ ಶಿಬಿರ ಮಾಡಿ ನಡೆಸುವ ಪರೀಕ್ಷೆಯಲ್ಲ. ಪ್ಯಾಕೇಜಿನಲ್ಲಿ ಜೀನ್ ಟೆಸ್ಟ್ ಮಾರುವವರ ಜಾಹೀರಾತು ನೋಡುವಾಗ ಇದು ನೆನಪಿನಲ್ಲಿದ್ದರೆ ಒಳ್ಳೆಯದು.

ನನ್ನ ತಕರಾರಿನ ವಿಷಯಕ್ಕೆ ಬರುತ್ತೇನೆ. ಈ ಪರೀಕ್ಷೆಯನ್ನು ಆರಂಭದಲ್ಲಿ ಮೂರು ತಿಂಗಳಿಗೊಮ್ಮೆ ಮಾಡಿಸಬೇಕು. ಪ್ರತಿ ಸಲ ಕೆಲವು ಸಾವಿರ ರೂಪಾಯಿ. ತಿಂಗಳ ಮಾತ್ರೆಗಿಂತ ಒಂದು ಪರೀಕ್ಷೆಯೇ ದುಬಾರಿ ಎನ್ನುವ ಸ್ಥಿತಿ ಈಗ ಇದೆ. ರಾಯಚೂರಿನಿಂದಲೋ ಬೀದರಿನಿಂದಲೋ ರಾತ್ರಿ ಬಸ್ಸಿನಲ್ಲಿ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಬರುವವನಿಗೆ ಮಾತ್ರೆಯ ಚೀಟಿ ಮುಖ್ಯವಾಗಿ ಕಾಣುತ್ತದೆ, ಪರೀಕ್ಷೆ ಮುಂದಿನ ಸಲಕ್ಕೆ ಹೋಗುತ್ತದೆ. ಮೈ ಚೆನ್ನಾಗಿರುವಾಗ ಅದಕ್ಕಾಗಿ ಕೂಲಿ ಬಿಡಲು ಯಾರಿಗೆ ಮನಸ್ಸಾದೀತು? ಪೇಟೆಂಟಿನ ಜಗಳವನ್ನು ದೇಶವೇ ನೋಡಿತು, ಪರೀಕ್ಷೆಯ ಜಗಳವನ್ನು ಯಾರೂ ಹೂಡಲಿಲ್ಲ. ದಾರಿ ಇಲ್ಲದೇ ಇಲ್ಲ. ಕ್ಷಯರೋಗ ಪತ್ತೆಗೆಂದು ಜಿಲ್ಲಾ ಆಸ್ಪತ್ರೆಗಳಲ್ಲಿ ಸಿಬಿನ್ಯಾಟ್ ಎಂದು ಕರೆಯುವ ಯಂತ್ರಗಳಿವೆ. ಅದೇ ಬಗೆಯ ಯಂತ್ರದಲ್ಲಿ ಬಿಸಿಆರ್-ಎಬಿಎಲ್ ಅಳೆಯುವ ಕಾರ್ಟ್ರಿಡ್ಜ್ ತಯಾರಾಗಿ ವರ್ಷಗಳೇ ಆಗಿವೆ. ಕೆಲವೇ ಗಂಟೆಗಳಲ್ಲಿ ಉತ್ತರ ಬರುತ್ತದೆ. ಕಾರ್ಟ್ರಿಡ್ಜ್ ಅಗ್ಗವಲ್ಲ, ಆದರೆ ಸರ್ಕಾರ ಸಗಟಿನಲ್ಲಿ ಕೊಂಡರೆ ಬೆಲೆ ಇಳಿಯುತ್ತದೆ ಎಂಬುದನ್ನು ಕ್ಷಯದ ಕಾರ್ಟ್ರಿಡ್ಜಿನಲ್ಲೇ ನೋಡಿದ್ದೇವೆ.

ಪರೀಕ್ಷೆ ಕೈಗೆಟಕದೆ ತಪ್ಪಿಹೋಗುತ್ತಿರುವುದು ಸಣ್ಣದಲ್ಲ. 2010ರಲ್ಲಿ ಫ್ರಾನ್ಸಿನವರು, ಕನಿಷ್ಠ ಎರಡು ವರ್ಷ ಬಿಸಿಆರ್-ಎಬಿಎಲ್ ಲವಲೇಶವೂ ಕಾಣದ 100 ರೋಗಿಗಳ ಮಾತ್ರೆ ನಿಲ್ಲಿಸಿ ನೋಡಿದ ಪ್ರಯೋಗದ ಫಲಿತಾಂಶ ಕೊಟ್ಟರು. ಹತ್ತರಲ್ಲಿ ಸುಮಾರು ನಾಲ್ವರಿಗೆ ಕಾಯಿಲೆ ಮರಳಲಿಲ್ಲ. ಮರಳಿದವರಲ್ಲಿ ಹೆಚ್ಚಿನವರಿಗೆ ಮೊದಲ ಆರು ತಿಂಗಳಲ್ಲೇ ಮರಳಿತು, ಮಾತ್ರೆ ಮತ್ತೆ ಕೊಟ್ಟಾಗ ಮತ್ತೆ ಇಳಿಯಿತು. ಜೀವಮಾನವಿಡೀ ಎಂದಿದ್ದ ಚಿಕಿತ್ಸೆಗೆ ಒಂದು ಬಾಗಿಲು ತೆರೆಯಿತು. ಪಶ್ಚಿಮದಲ್ಲಿ ಸಿಎಂಎಲ್ ಹೆಚ್ಚಾಗಿ ಅರವತ್ತು ದಾಟಿದವರ ಕಾಯಿಲೆ. ನಮ್ಮಲ್ಲಿ ಮೂವತ್ತು-ನಲವತ್ತರ ವಯಸ್ಸಿನವರೇ ಜಾಸ್ತಿ. ಗರ್ಭಿಣಿಯರು ಇಮ್ಯಾಟಿನಿಬ್ ನುಂಗಬಾರದು, ಮಗುವಿನ ಬೆಳವಣಿಗೆಗೆ ಅಪಾಯ. ಮಗು ಬೇಕೆನ್ನುವ ಇಪ್ಪತ್ತೆಂಟು ವರ್ಷದ ಹೆಣ್ಣುಮಗಳಿಗೆ ಮಾತ್ರೆ ನಿಲ್ಲಿಸುವ ಅವಕಾಶ ಎಪ್ಪತ್ತರ ಅಮೆರಿಕನ್ನನಿಗಿಂತ ಎಷ್ಟೋ ಪಟ್ಟು ಬೆಲೆಯುಳ್ಳದ್ದು. ಅದಕ್ಕೆ ಬೇಕಾದದ್ದು ವರ್ಷಗಟ್ಟಲೆ ತಪ್ಪದೆ ಮಾಡಿಸಿದ ಪರೀಕ್ಷೆಗಳ ದಾಖಲೆ, ನಿಲ್ಲಿಸಿದ ಮೇಲೆ ಮೊದಲ ಆರು ತಿಂಗಳು ತಿಂಗಳಿಗೊಂದು ಪರೀಕ್ಷೆ, ಅಂಕಿ ಏರಿದ್ದು ತಡವಾಗದೆ ತಿಳಿಯುವಷ್ಟು ಹತ್ತಿರದ ಲ್ಯಾಬು. ಇವು ಇಲ್ಲದ ಕಡೆ ಮಾತ್ರೆ ನಿಲ್ಲಿಸಲು ಹೋಗಬೇಡಿ ಎಂದೇ ಚಿಕಿತ್ಸೆಯ ಮಾರ್ಗಸೂಚಿಗಳು ಹೇಳುತ್ತವೆ.